ಏಳನೇ ಬಾಗಿಲ ಮೇಲೆ ಯಾರ ಕೈ?

ನನ್ನ ಅತ್ತೆಯನ್ನು ನಮ್ಮ ಬೀದಿಯವರೆಲ್ಲ ಕರೆಯುವುದು ‘ಚೆಕಿಂಗ್ ಅಮ್ಮ’ ಎಂದು. ಶರ್ಟು ಹೊಲಿಯುವ ಕಾರ್ಖಾನೆಯ ಚೆಕಿಂಗ್ ಟೇಬಲ್ಲಿನ ಮುಂದೆ ಇಪ್ಪತ್ತಾರು ವರ್ಷ ನಿಂತು ದುಡಿದವರು ಅವರು. ನಿಂತು ಎಂದರೆ ನಿಂತೇ. ಆ ಟೇಬಲ್ಲಿಗೆ ಕುರ್ಚಿಯೇ ಇರಲಿಲ್ಲವಂತೆ. ಒಂದೊಂದು ಶರ್ಟನ್ನೂ ಬೆಳಕಿಗೆ ಹಿಡಿದು ಕಾಲರು, ಗುಂಡಿ, ಕಾಜ, ಬಗಲಿನ ಹೊಲಿಗೆ ಎಲ್ಲವನ್ನೂ ನೋಡಿ, ತಪ್ಪು ಕಂಡಲ್ಲಿ ಕೆಂಪು ಬಾಣದ ಪುಟ್ಟ ಸ್ಟಿಕ್ಕರ್ ಅಂಟಿಸಬೇಕು. ಅವರ ಕಣ್ಣು ತಪ್ಪಿಸಿ ಒಂದು ನೂಲಿನ ಎಳೆಯೂ ಪೆಟ್ಟಿಗೆಯೊಳಗೆ ಹೋಗುತ್ತಿರಲಿಲ್ಲ ಎಂದು ಅವರ ಜೊತೆ ಕೆಲಸ ಮಾಡಿದವರು ಈಗಲೂ ಹೇಳುತ್ತಾರೆ. ಆ ಹೆಂಗಸರಿಗೇನು, ಹೇಳುತ್ತಾರೆ. ಜೊತೆಗಿದ್ದು ಸಂಸಾರ ಮಾಡಿದವಳು ನಾನು.

ಕೆಲಸ ಬಿಟ್ಟು ಬರುವಾಗ ಅತ್ತೆ ಕಾರ್ಖಾನೆಯಿಂದ ಬಾಣದ ಸ್ಟಿಕ್ಕರಿನ ಎರಡು ಸುರುಳಿ ತಂದಿದ್ದರು. ನಾನು ಮದುವೆಯಾಗಿ ಬಂದ ಮೊದಲ ವಾರದಲ್ಲೇ, ತೊಳೆದಿಟ್ಟ ಪಾತ್ರೆಯ ಹಿಡಿಯ ಕೆಳಗೆ ಒಂದು ಬಾಣ. ಮಡಚಿಟ್ಟ ಚಾದರದ ತುದಿಗೆ ಒಂದು ಬಾಣ. ಬಾಯಿಬಿಟ್ಟು ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಆಡಬಹುದಿತ್ತು, ಸ್ಟಿಕ್ಕರಿಗೆ ಏನೆಂದು ಉತ್ತರ ಕೊಡುವುದು? ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಕಣ್ಣು ಕೆಂಪಾಗಿದ್ದನ್ನು ಅವರು ತಕ್ಷಣ ಪತ್ತೆ ಹಚ್ಚಿದರು.

“ಅಳೋದ್ಯಾಕೆ? ಬಾಣ ಅಂಟಿಸಿದ್ದನ್ನ ಯಾರೂ ಎಸೆಯಲ್ಲ ಕಣೇ. ಸರಿ ಮಾಡೋ ಟೇಬಲ್‌ಗೆ ಕಳಿಸ್ತಾರೆ, ಅಷ್ಟೇ” ಎಂದರು.

ನನಗೆ ಅದರಿಂದ ಎಳ್ಳಷ್ಟೂ ಸಮಾಧಾನವಾಗಲಿಲ್ಲ. ಅಂದಿನಿಂದ ಅವರು ನನ್ನನ್ನು ಕಾಯುತ್ತಿದ್ದರು, ನಾನು ಅವರನ್ನು ಕಾಯುತ್ತಿದ್ದೆ. ನಡುವೆ ನನ್ನ ಗಂಡ. ಅವರಿಗೆ ಏನೂ ಕಾಣುತ್ತಿರಲಿಲ್ಲ, ಕಂಡರೂ ಕಾಣಲಿಲ್ಲ ಎನ್ನುತ್ತಿದ್ದರು.

ಹೀಗೆ ಎಂಟು ವರ್ಷ ಕಳೆದ ಮೇಲೆ, ಕಳೆದ ವರ್ಷ, ಡಬ್ಬಿಗಳ ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಬಂದವು. ಉಪ್ಪಿನ ಡಬ್ಬಿಗೆ ಒಂದು, ಸಕ್ಕರೆಗೆ ಎರಡು, ಹಿಟ್ಟಿನದಕ್ಕೆ ನಾಲ್ಕು. ಯಾಕೆ ಎಂದು ಕೇಳಿದರೆ “ಇರಲಿ ಬಿಡು” ಎಂದರು. ನನ್ನ ಕಿವಿ ನೆಟ್ಟಗಾಯಿತು. ನಾನು ಯಾವ ಡಬ್ಬಿ ತೆಗೆದೆ, ಎಷ್ಟು ತೆಗೆದೆ ಎಂದು ತಿಳಿಯಲು ಹೂಡಿದ ಹೊಸ ಉಪಾಯ ಇದು, ಸಂಶಯವೇ ಇಲ್ಲ ಎಂದುಕೊಂಡೆ. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಸಕ್ಕರೆ ಡಬ್ಬಿಯಿಂದ ಒಂದು ಬ್ಯಾಂಡ್ ಕಿತ್ತು ಜಡೆಗೆ ಹಾಕಿಕೊಂಡೆ. ಮರುದಿನ ಬೆಳಿಗ್ಗೆ ಅತ್ತೆ ಮಾಡಿದ ಚಹಾ ಉಪ್ಪುಪ್ಪು.

“ಡಬ್ಬಿ ಅದಲುಬದಲು ಮಾಡಿದ್ದು ಯಾರು?” ಎಂದು ಮಗನ ಮುಂದೆ ಕೇಳಿದರು.

ನನಗೆ ಮೈಯೆಲ್ಲ ಉರಿಯಿತು. ಬೇಕೆಂದೇ ಉಪ್ಪು ಹಾಕಿ ನನ್ನ ತಲೆಗೆ ಕಟ್ಟುತ್ತಿದ್ದಾರೆ ಎನ್ನಿಸಿತು. “ಉಪ್ಪು ಯಾವುದು ಸಕ್ಕರೆ ಯಾವುದು ಅಂತ ಕಾಣಲ್ವಾ ಅತ್ತೆ ನಿಮಗೆ?” ಎಂದೆ. ಅವರು ಲೋಟ ಕೆಳಗಿಟ್ಟು ಹೊರಗೆ ಹೋದರು. ಗೆದ್ದೆ ಎಂದು ನಾನು ಆ ದಿನವೆಲ್ಲ ಹಗುರಾಗಿದ್ದೆ.

ಅದೇ ದಿನಗಳಲ್ಲಿ ಅವರು ಕಾರ್ಖಾನೆಯ ಒಂದು ಕತೆಯನ್ನು ಮತ್ತೆ ಮತ್ತೆ ಹೇಳತೊಡಗಿದ್ದರು. ಪಕ್ಕದ ಟೇಬಲ್ಲಿನವಳು ಒಮ್ಮೆ ಕಾಜ ಇಲ್ಲದ ಮೂರು ಶರ್ಟುಗಳನ್ನು ಪಾಸು ಮಾಡಿಬಿಟ್ಟಳಂತೆ. ಮೇಲ್ವಿಚಾರಕ ಅವಳ ಮುಂದೆ ಸೂಜಿ ಹಿಡಿದು ದಾರ ಪೋಣಿಸು ಎಂದನಂತೆ. ಆಗಲಿಲ್ಲ. “ಮಧ್ಯಾಹ್ನದ ಬುತ್ತಿ ಕೂಡ ಬಿಚ್ಚಿರಲಿಲ್ಲ ಅವಳು. ಹಾಗೇ ಎತ್ಕೊಂಡು ಮನೆಗೆ ಹೋದಳು. ಆಮೇಲೆ ಯಾರೂ ಕರೀಲಿಲ್ಲ” ಎನ್ನುತ್ತಿದ್ದರು. ಈ ಕತೆ ನನಗೇ ಹೇಳುತ್ತಿರುವುದು, ನಿನ್ನನ್ನೂ ಹೀಗೇ ಕಳಿಸುತ್ತೇನೆ ಎಂಬ ಎಚ್ಚರಿಕೆ ಎಂದು ನಾನು ತಿಳಿದೆ.

ಕಪಾಟಿಗೆ ಬಣ್ಣ ಹೊಡೆಸುವ ಯೋಚನೆ ನನ್ನದು. ನಮ್ಮ ಅಡುಗೆಮನೆಯ ಕಪಾಟುಗಳು ಜಿಡ್ಡು ಹಿಡಿದು, ಮುಟ್ಟಿದರೆ ಕೈ ಅಂಟುವ ಕಂದು ಬಣ್ಣಕ್ಕೆ ತಿರುಗಿದ್ದವು. ಹೊಸದು ಮಾಡಿಸಲು ಬಡಗಿ ಹೇಳಿದ ಮೊತ್ತ ಕೇಳಿ ನನ್ನ ಗಂಡ ಎರಡು ಲೋಟ ನೀರು ಕುಡಿದರು. ಪೇಂಟರ್ ಬಂದು ಕಪಾಟಿನ ಮೇಲೆ ಬೆರಳಿನಿಂದ ತಟ್ಟಿ ನೋಡಿ, “ಮರ ಕಲ್ಲಿನ ಹಾಗಿದೆ ಅಕ್ಕ. ಬಾಗಿಲು ಬಿಚ್ಚಿ, ಜಿಡ್ಡು ತೆಗೆದು, ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಮೇಲೆ ಎರಡು ಕೋಟ್ ಹೊಡೆದು, ಹಿಡಿ ಬದಲಾಯಿಸಿದರೆ ನಿಮಗೇ ಗುರುತು ಸಿಗಲ್ಲ” ಎಂದ. ಐದು ದಿನದ ಕೆಲಸ.

ಅತ್ತೆ ಒಪ್ಪಲಿಲ್ಲ. “ಬಣ್ಣ ಅನ್ನೋದು ನೆಪ ಕಣೋ” ಎಂದು ಮಗನಿಗೆ ಹೇಳಿದ್ದು ನನಗೆ ಕೇಳಿಸಲಿ ಎಂದೇ ಜೋರಾಗಿತ್ತು. “ಐದು ದಿನ ನನ್ನ ಹೊರಗೆ ಕೂರಿಸ್ತಾರೆ. ಆರನೇ ದಿನ, ಹೊಸ ಅಡುಗೆಮನೆ ಅತ್ತೆ, ನಿಮಗೆ ಅಭ್ಯಾಸ ಇಲ್ಲ, ನೀವು ಕೂತ್ಕೊಳ್ಳಿ ಅಂತಾರೆ. ಅಲ್ಲಿಗೆ ನನ್ನ ಒಲೆ ಮುಗೀತು.”

ಸುಳ್ಳು ಯಾಕೆ ಹೇಳಲಿ, ಅರ್ಧ ನಿಜವೇ. ಹೊಸ ಕಪಾಟಿನ ಜೊತೆಗೆ ಹೊಸ ಆಡಳಿತವನ್ನೂ ತರುವ ಲೆಕ್ಕಾಚಾರ ನನ್ನ ತಲೆಯಲ್ಲಿತ್ತು. ಡಬ್ಬಿಗಳು ಎಲ್ಲೆಲ್ಲಿರಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಟ್ಟಿದ್ದೆ. ಒಲೆ ಕಿತ್ತುಕೊಂಡರೆ ಆ ಮನುಷ್ಯೆಗೆ ಈ ಮನೆಯಲ್ಲಿ ಮಾಡಲು ಬೇರೇನೂ ಇಲ್ಲ ಎಂದು ಗೊತ್ತಿತ್ತು, ಗೊತ್ತಿದ್ದೇ ಪೇಂಟರಿಗೆ ಮುಂಗಡ ಕೊಟ್ಟೆ.

ಬಣ್ಣ ಆರಿಸುವ ದಿನ ಪೇಂಟರ್ ಶೇಡ್ ಕಾರ್ಡ್ ತಂದ. ಮೊದಲು ಅತ್ತೆಯ ಕೈಗೆ ಕೊಟ್ಟೆ, ನಾಳೆ ಮಾತು ಬರಬಾರದಲ್ಲ. ಅವರು ಕನ್ನಡಕ ಏರಿಸಿಕೊಂಡು ಅದನ್ನು ಕಿಟಕಿಯ ಕಡೆಗೆ ಹಿಡಿದು ತುಂಬ ಹೊತ್ತು ನೋಡಿ, “ಎಲ್ಲಾ ಮಂಕು. ನಿಮಗೆ ಬೇಕಾದ್ದು ಹೊಡ್ಕೊಳ್ಳಿ” ಎಂದು ಹಿಂತಿರುಗಿಸಿದರು. ಅವರು ಹಿಡಿದಿದ್ದು ಕಾರ್ಡಿನ ಹಿಂಬದಿ. ಅದರಲ್ಲಿ ಬಣ್ಣವೇ ಇರಲಿಲ್ಲ. ನನ್ನ ಮೇಲಿನ ಸಿಟ್ಟಿಗೆ ಮಾಡಿದ ಅವಮಾನ ಇದು ಎಂದುಕೊಂಡು ನಾನು ಬಟಾಣಿ ಹಸಿರನ್ನು ಆರಿಸಿದೆ. ಪೇಂಟರ್ ಮಾತ್ರ ಒಮ್ಮೆ ಅತ್ತೆಯನ್ನು, ಒಮ್ಮೆ ಕಾರ್ಡನ್ನು ನೋಡಿ ಅದನ್ನು ಚೀಲಕ್ಕೆ ಹಾಕಿಕೊಂಡ.

ಅವನ ಕೆಲಸ ಅಚ್ಚುಕಟ್ಟು. ಹನ್ನೊಂದು ಬಾಗಿಲು ಬಿಚ್ಚಿ, ಯಾವುದು ಎಲ್ಲಿಯದೆಂದು ತಪ್ಪಬಾರದು ಎಂದು ಒಳಬದಿಯಲ್ಲಿ ಪೆನ್ಸಿಲಿನಿಂದ ನಂಬರ್ ಬರೆದ. ನಾಲ್ಕನೇ ದಿನ ಎರಡನೇ ಕೋಟ್ ಮುಗಿಸಿ, ಬಾಲ್ಕನಿಯಲ್ಲಿ ಜಾಗ ಸಾಲದೆ ಒಂದು ಬಾಗಿಲನ್ನು ಅಡುಗೆಮನೆಯ ಗೋಡೆಗೆ, ನೀರಿನ ಫಿಲ್ಟರಿನ ಪಕ್ಕ ಒರಗಿಸಿಟ್ಟ. “ನಾಳೆ ಬೆಳಿಗ್ಗೆವರೆಗೂ ಯಾರೂ ಮುಟ್ಟಬೇಡಿ” ಎಂದು ಎರಡೆರಡು ಸಲ ಹೇಳಿ ಹೋದ. ನಾನು ಔಷಧಿ ಅಂಗಡಿಯ ಕೌಂಟರಿಗೆ ಹೋದೆ. ಅಲ್ಲೇ ನನ್ನ ಕೆಲಸ.

ಸಂಜೆ ಬಂದಾಗ ಅತ್ತೆಯದು ಗಂಟುಮುಖ. “ಫಿಲ್ಟರ್ ಪಕ್ಕದ ಗೋಡೆಗೆಲ್ಲ ಜೇನು ಚೆಲ್ಲಿ ಹಾಗೇ ಬಿಟ್ಟಿದ್ದೀಯ. ನೀರು ತಗೊಳ್ಳೋಕೆ ಹೋದರೆ ಕೈಯೆಲ್ಲ ಅಂಟು. ಮನೆಗೆ ಬಣ್ಣ ಬೇರೆ ಕೇಡು!” ಎಂದರು. ನಾನು ಜೇನಿನ ಬಾಟಲಿ ಮುಟ್ಟಿ ವಾರವಾಗಿತ್ತು. ಹಲ್ಲು ಕಚ್ಚಿಕೊಂಡು ಒಳಗೆ ಹೋದರೆ ಕೈ ಒರೆಸುವ ಬಟ್ಟೆಯ ತುಂಬ ಹಸಿರು ಬಣ್ಣ. ಪೇಂಟರ್ ಅದರಲ್ಲೇ ಬ್ರಷ್ ಒರೆಸಿದ್ದಾನೆ ಎಂದು ಅವನ ಮೇಲೂ ಗುಮಾನಿಪಟ್ಟೆ. ಆ ಮನೆಯಲ್ಲಿ ಆ ದಿನ ನಾನು ಅನುಮಾನಪಡದೆ ಬಿಟ್ಟದ್ದು ಬೆಕ್ಕನ್ನು ಮಾತ್ರ, ಅದೂ ನಮ್ಮ ಮನೆಯಲ್ಲಿ ಬೆಕ್ಕು ಇರಲಿಲ್ಲವಾದ್ದರಿಂದ.

ಮರುದಿನ ಬೆಳಿಗ್ಗೆ ಪೇಂಟರ್ ಬಾಗಿಲು ಎತ್ತಲು ಹೋದವನು ನಿಂತುಬಿಟ್ಟ. ಏಳನೇ ನಂಬರಿನ ಬಾಗಿಲಿನ ನಟ್ಟನಡುವೆ ಒಂದು ಅಂಗೈ, ಐದು ಬೆರಳು, ಹಾಗೇ ಒತ್ತಿ ಒಣಗಿತ್ತು.

“ಯಾರೋ ಕೈ ಇಟ್ಟಿದ್ದಾರೆ ಅಕ್ಕ” ಎಂದ.

ಅತ್ತೆ ಬಂದವರೇ ಬಾಗಿಲ ಮೇಲೆ ಹೆಬ್ಬೆರಳು ಆಡಿಸಿದರು. ಹೊಲಿಗೆಯ ಗಂಟು ಹುಡುಕುವಂತೆ ಆಡಿಸಿ, ಗುರುತಿನ ಅಂಚಿಗೆ ಬಂದು ನಿಲ್ಲಿಸಿದರು. “ಯಾರೋ ಅಂದರೆ ಯಾರಪ್ಪಾ? ಆರಿದೆಯೋ ಇಲ್ಲವೋ ಅಂತ ನೀನೇ ಒತ್ತಿ ನೋಡಿ, ಈಗ ಮನೆಯವರ ಮೇಲೆ ಹಾಕ್ತೀಯ? ನನ್ನ ಹತ್ತಿರ ಈ ಆಟ ನಡೆಯಲ್ಲ. ಬಿಳಿ ಶರ್ಟಿನ ಮೇಲೆ ಎಣ್ಣೆ ಕೈ ಇಟ್ಟವನನ್ನ ಇಡೀ ಸಾಲಿನ ಕೈ ಇಡಿಸಿ ಹಿಡಿದವಳು ನಾನು. ಇಡು ಕೈ!”

ಪೇಂಟರ್ ಕೈ ಇಟ್ಟ. ಅವನ ಅಂಗೈ ತಟ್ಟೆಯಷ್ಟಗಲ. ಗುರುತು ಅದರಡಿ ಮುಚ್ಚಿಹೋಯಿತು. ಅತ್ತೆ ಬೆರಳಿನಿಂದ ಸುತ್ತ ತಡವಿ ನೋಡಿ “ಇವನಲ್ಲ” ಎಂದರು. ನ್ಯಾಯ ಎಂದರೆ ನ್ಯಾಯ, ಅದರಲ್ಲಿ ಅವರು ಗಟ್ಟಿ. “ನೀನು ಬಾ” ಎಂದು ನನ್ನ ಕಡೆ ತಿರುಗಿದರು.

ಅಷ್ಟರಲ್ಲಿ ನಾನು ನೋಡಿಯಾಗಿತ್ತು. ಆ ಗುರುತಿನ ಕಿರುಬೆರಳು ಮೇಲಿನ ಗಿಣ್ಣಿನಲ್ಲಿ ಹೊರಕ್ಕೆ ಸೊಟ್ಟಗಿತ್ತು. ಕಾರ್ಖಾನೆಯ ಗುಂಡಿ ಒತ್ತುವ ಯಂತ್ರಕ್ಕೆ ಸಿಕ್ಕಿ ಸೊಟ್ಟಗಾದ ಅಂಥ ಕಿರುಬೆರಳು ಈ ಮನೆಯಲ್ಲಿ ಒಂದೇ ಒಂದು.

ಮೊದಲು ಆದದ್ದು ಸಂತೋಷ. ಎಂಟು ವರ್ಷದ ಬಾಣಗಳಿಗೆಲ್ಲ ಒಂದೇ ಏಟಿನ ಉತ್ತರ, ಅದೂ ಹೊರಗಿನವನ ಎದುರಿಗೆ! ಬಾಯಿ ತೆರೆದು ಅವರ ಮುಖ ನೋಡಿದೆ. ಅವರು ನನ್ನನ್ನೇ ದಿಟ್ಟಿಸುತ್ತಿದ್ದಾರೆ ಎಂದುಕೊಂಡಿದ್ದೆ. ಇಲ್ಲ. ಅವರ ಕಣ್ಣು ನನ್ನ ಕಿವಿಯ ಪಕ್ಕದಲ್ಲೆಲ್ಲೋ ನೆಟ್ಟಿತ್ತು. ಬಾಗಿಲ ಮೇಲೆ ಇಷ್ಟು ದೊಡ್ಡ ಕೈ ಮೂಡಿದ್ದರೂ ಅವರು ಅದನ್ನು ಹುಡುಕಿದ್ದು ಹೆಬ್ಬೆರಳಿನಿಂದ. ಜೇನು ಎಂದದ್ದು, ಕಾರ್ಡಿನ ಹಿಂಬದಿ, ಉಪ್ಪಿನ ಚಹಾ, ಡಬ್ಬಿಯ ಬ್ಯಾಂಡುಗಳು, ಬುತ್ತಿ ಬಿಚ್ಚದೆ ಹೋದವಳ ಕತೆ, ಎಲ್ಲವೂ ಒಟ್ಟಿಗೆ ತಲೆಗೆ ಬಂದವು. ಕಾಣಲ್ವಾ ನಿಮಗೆ ಎಂದು ಕೇಳಿದ್ದೆನಲ್ಲ, ಅದನ್ನು ನೆನೆದು ನಾಚಿಕೆಯಾಯಿತು.

“ನನ್ನದೇ ಕೈ ಅತ್ತೆ. ನಿನ್ನೆ ಗೊತ್ತಾಗದೆ ಒರಗಿಬಿಟ್ಟೆ” ಎಂದೆ.

“ಇಡು.”

“ನನ್ನದೇ ಅಂದೆನಲ್ಲ, ಬಿಡಿ ಈಗ.”

“ಇಡು ಅಂದರೆ ಇಡು.”

ಇಟ್ಟೆ. ಕಿರುಬೆರಳನ್ನು ಆದಷ್ಟು ಹೊರಕ್ಕೆ ಬಾಗಿಸಿದೆ, ಬಾಗಲಿಲ್ಲ. ಅತ್ತೆ ನನ್ನ ಬೆರಳುಗಳನ್ನು ಒಂದೊಂದಾಗಿ ತಡವುತ್ತ ಬಂದು ಕೊನೆಯದರ ಬಳಿ ನಿಂತರು. ಪಕ್ಕದಲ್ಲಿದ್ದ ಸೊಟ್ಟ ಗುರುತನ್ನೂ ತಡವಿದರು. ನನ್ನ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ತಮ್ಮದನ್ನು ಅಲ್ಲಿ ಇಟ್ಟರು. ಸರಿಯಾಗಿ ಕೂತಿತು.

ಪೇಂಟರ್ ಬ್ರಷ್ ತೊಳೆಯುವ ನೆಪದಲ್ಲಿ ಬಾಲ್ಕನಿಗೆ ಹೋದ.

“ಇಪ್ಪತ್ತಾರು ವರ್ಷದಲ್ಲಿ ಒಬ್ಬರ ತಪ್ಪನ್ನ ಇನ್ನೊಬ್ಬರ ಮೇಲೆ ಹಾಕಿದವಳಲ್ಲ ನಾನು” ಎಂದರು ಅತ್ತೆ. ಕಪಾಟಿನ ಮೇಲಿನ ಹಲಗೆಯನ್ನು ತಡವಿ ಸ್ಟಿಕ್ಕರಿನ ಸುರುಳಿ ತೆಗೆದು, ಒಂದು ಬಾಣ ಕಿತ್ತು, ಬಾಗಿಲಿಗಲ್ಲ, ತಮ್ಮ ಕನ್ನಡಕದ ಗಾಜಿಗೇ ಅಂಟಿಸಿಕೊಂಡರು. “ಈಗ ಬುತ್ತಿ ಎತ್ಕೊಂಡು ಎಲ್ಲಿಗೆ ಹೋಗಲಿ, ಹೇಳು.”

ನನಗೆ ಅಳು ಬಂತು, ಈ ಸಲ ಬಚ್ಚಲಿಗೆ ಓಡಲಿಲ್ಲ. “ಬಾಣ ಅಂಟಿಸಿದ್ದನ್ನ ಎಸೆಯಲ್ಲ ಅಂತ ನೀವೇ ತಾನೇ ಹೇಳಿದ್ದು? ಸರಿ ಮಾಡೋ ಟೇಬಲ್‌ಗೆ ಹೋಗೋದು. ನಾಳೆ ನಾನು ರಜಾ ಹಾಕ್ತೀನಿ, ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ.”

“ಸರಿ ಆಗದಿದ್ದರೆ?”

“ಆಗದಿದ್ದರೆ ಇಲ್ಲ.”

“ಒಲೆ?”

“ಒಲೆ ನಿಮ್ಮದೇ ಅತ್ತೆ. ಡಬ್ಬಿಗಳು ಇದ್ದಲ್ಲೇ ಇರ್ತವೆ, ನಾನು ಒಂದನ್ನೂ ಕದಲಿಸಲ್ಲ. ಉಪ್ಪಿಗೆ ಒಂದು ಬ್ಯಾಂಡ್, ಸಕ್ಕರೆಗೆ ಎರಡು, ನನಗೂ ಬಾಯಿಪಾಠ ಆಗಿದೆ.”

“ತಪ್ಪು” ಎಂದರು ತಕ್ಷಣ. “ಸಕ್ಕರೆಗೆ ಈಗ ಮೂರು. ಯಾರೋ ಒಂದನ್ನ ಕಿತ್ಕೊಂಡು ಹೋದರು. ಇನ್ನೊಂದು ಹೋದರೂ ಎರಡು ಉಳೀಲಿ ಅಂತ ಮೂರು ಹಾಕಿದ್ದೀನಿ.”

ಆ ಬ್ಯಾಂಡು ಆಗಲೂ ನನ್ನ ಜಡೆಯಲ್ಲೇ ಇತ್ತು. ಬಿಚ್ಚಿ ಅವರ ಅಂಗೈಯಲ್ಲಿ ಇಟ್ಟೆ. ಅವರು ಅದನ್ನು ಎರಡು ಬೆರಳ ನಡುವೆ ಎಳೆದು ನೋಡಿ, ಗುರುತು ಹಿಡಿದು, ಸುರುಳಿಯಿಂದ ಇನ್ನೊಂದು ಬಾಣ ಕಿತ್ತರು. ನನ್ನ ಕೈ ಹುಡುಕಿ ಹಿಡಿದು ಮಣಿಕಟ್ಟಿನ ಮೇಲೆ ಒತ್ತಿ ಅಂಟಿಸಿದರು.

“ನೀನೂ ಬರಬೇಕು ಆ ಟೇಬಲ್‌ಗೆ” ಎಂದರು.

ಆ ಮಧ್ಯಾಹ್ನ ಔಷಧಿ ಅಂಗಡಿಯಲ್ಲಿ ಗಿರಾಕಿಯೊಬ್ಬರು ಕೈ ಮೇಲೆ ಏನದು ಎಂದು ಕೇಳಿದರು. ನಮ್ಮ ಅತ್ತೆ ಹಾಕಿದ್ದು ಎಂದೆ.