ಮಗು ಹಿಡಿಯುವ ಚಂದ್ರಮತಿ

ಕುಂದಾಪುರದ ಆ ಹಳೆಯ ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ಯಂತ್ರ ನಡೆಸಲು ಜಿತೇಂದ್ರ ಎಂಬ ಟೆಕ್ನಿಷಿಯನ್ ಇದ್ದ. ಆದರೆ ಹತ್ತಿರದ ಕಡಲ ಕೇರಿ ಕೋಡಿಯ ಹೆಂಗಸರನ್ನು ಕೇಳಿದರೆ ಅಲ್ಲಿ ಎಕ್ಸ್‌ರೇ ತೆಗೆಯುವವಳು ಚಂದ್ರಮತಿಯೇ. ಆಯಾ ಎಂದು ಸೇರಿದವಳ ನಿಜವಾದ ಕೆಲಸ ಮಗು ಹಿಡಿಯುವುದು. ತಣ್ಣನೆಯ ಮೇಜಿನ ಮೇಲೆ ಅಂಗಿ ಬಿಚ್ಚಿ ಮಲಗಿಸಿದರೆ ಯಾವ ಮಗು ತಾನೇ ಸುಮ್ಮನಿರುತ್ತದೆ? ಕಿರುಚುವ ಮಕ್ಕಳ ಎರಡೂ ಕೈ ಮೇಲೆತ್ತಿ, ಅವುಗಳ ನಡುವೆಯೇ ತಲೆಯನ್ನು ಒತ್ತಿ ಹಿಡಿದು, ಎಂತದೂ ಆತಿಲ್ಲೆ ಎಂದು ಗುನುಗಿ ಗಳಿಗೆಯ ಮಟ್ಟಿಗೆ ಸುಮ್ಮನಿರಿಸುವುದು ಅವಳಿಗೆ ಮಾತ್ರ ಬರುತ್ತಿತ್ತು. ಕಿರಣ ತಡೆಯುವ ಸೀಸದ ಅಂಗಿ ಇದ್ದದ್ದು ಒಂದೇ. ಅದನ್ನು ಪಕ್ಕದಲ್ಲಿ ನಿಂತ ತಾಯಂದಿರಿಗೆ ತೊಡಿಸುತ್ತಿದ್ದಳು. ಯಾರ ಹೊಟ್ಟೆಯಲ್ಲಿ ಇನ್ನೊಂದು ಇದೆಯೋ ಯಾರಿಗೆ ಗೊತ್ತು. ಮಗುವಿನ ಕುತ್ತಿಗೆಗೆ ಏನಾದರೂ ಮುಚ್ಚಬೇಕೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಕೋಡಿಯವರ ಬಾಯಲ್ಲಿ ಎಕ್ಸ್‌ರೇ ಎಂದರೆ ಫೋಟೊ. ಮಗುವಿನ ಕೆಮ್ಮು ಬಿಡದಿದ್ದರೆ, ಉಸಿರಿನಲ್ಲಿ ಸುಂಯ್ ಅಂದರೆ, ಚಂದ್ರಕ್ಕನ ಹತ್ತಿರ ಒಂದು ಫೋಟೊ ತೆಗೆಸು ಎನ್ನುವುದು ಕೇರಿಯ ರೂಢಿಯೇ ಆಗಿಬಿಟ್ಟಿತ್ತು. ಚೀಟಿ ಗೀಟಿ ಯಾರು ಕೇಳುತ್ತಿದ್ದರು? ಮಧ್ಯಾಹ್ನ ಡಾಕ್ಟರು ಊಟಕ್ಕೆ ಹೋದಾಗ ಚಂದ್ರಮತಿ ಕಣ್ಣು ಮಿಟುಕಿಸಿದರೆ ಸಾಕು, ಜಿತೇಂದ್ರ ಯಂತ್ರ ಹಚ್ಚುತ್ತಿದ್ದ. ಮಗು ಅಲುಗಾಡಿ ಚಿತ್ರ ಕೆಟ್ಟರೆ ಇನ್ನೊಂದು. ಅವಳಿಗೂ ಅದೊಂದು ಹೆಮ್ಮೆ, ಸುಳ್ಳೇಕೆ ಹೇಳಬೇಕು. ದೃಷ್ಟಿ ತೆಗೆಸಲು ಓಡುವ ಹೆಂಗಸರನ್ನು ನಾನು ದಾರಿಗೆ ತಂದೆ ಎಂದು ಬೀಗುತ್ತಿದ್ದಳು. ಎಲ್ಲರಿಗಿಂತ ಹೆಚ್ಚು ಸಲ ಆ ಮೇಜಿನ ಮೇಲೆ ಮಲಗಿದ್ದು ಅವಳದೇ ಮಗಳು ನಿಶ್ಮಿತಾ. ಹುಟ್ಟಿದಾಗಿನಿಂದ ಉಬ್ಬಸದ ಕೂಸು, ಗಂಡ ಬೋಟಿನಲ್ಲಿ ಕಡಲಿಗೆ ಹೋದರೆ ಬರುವುದು ಯಾವಾಗಲೋ. ಹೆದರಿದ ತಾಯಿ ಕೈಗೆಟುಕಿದ್ದನ್ನು ಮಾಡಿದಳು.

ಈಗ ಬೆಳೆದು ದೊಡ್ಡವಳಾದ ಆ ನಿಶ್ಮಿತಾಳ ಗಂಟಲಲ್ಲಿ ಹೋದ ವರ್ಷ ಗಂಟು ಕಂಡಿತು. ಥೈರಾಯ್ಡ್ ಕ್ಯಾನ್ಸರ್ ಎಂದರು. ತೆಕ್ಕಟ್ಟೆ, ಬ್ರಹ್ಮಾವರ ದಾಟಿ ದೊಡ್ಡಾಸ್ಪತ್ರೆಗೆ ಬಸ್ಸಿನಲ್ಲಿ ಅಲೆದು ಆಪರೇಷನ್ನೂ ಆಯಿತು. ಮಗಳು ಉಳಿದಳು. ತಾಯಿಗೆ ಮಾತ್ರ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಈ ಕಾಯಿಲೆ ಯಾಕೆ ಬಂತೆಂದು ಅಲ್ಲಿಯ ಡಾಕ್ಟರಲ್ಲಿ ಕೇಳಿ, ಹಳೆಯ ಫೋಟೊಗಳ ಕತೆಯನ್ನೆಲ್ಲ ಹೇಳಿದಳು.

“ಅದ್ರಿಂದ ಅಲ್ಲ ಅಂದೇಳಿ ಒಂದ್ ಮಾತ್ ಹೇಳಿ ಡಾಕ್ಟ್ರೇ, ಸಾಕ್.”

ಡಾಕ್ಟರು ಒಳ್ಳೆಯವರು, ಅದೇ ತೊಂದರೆಯಾಯಿತು, ಸುಳ್ಳು ಹೇಳಲಿಲ್ಲ. ಚಿಕ್ಕ ಮಕ್ಕಳ ಥೈರಾಯ್ಡಿಗೆ ವಿಕಿರಣ ಹೆಚ್ಚು ಬಿದ್ದರೆ ಮುಂದೆ ಕ್ಯಾನ್ಸರಿನ ಸಾಧ್ಯತೆ ಏರುವುದು ನಿಜ, ಆದರೆ ಎದೆಯ ಎಕ್ಸ್‌ರೇಯಲ್ಲಿ ಬೀಳುವುದು ಬಹಳ ಕಡಿಮೆ ಎಂದರು. ಈಗ ಸ್ಕ್ಯಾನಿಂಗ್ ಹೆಚ್ಚಾಗಿ, ಮೊದಲು ತಿಳಿಯದೇ ಹೋಗುತ್ತಿದ್ದ ಗಂಟುಗಳೂ ಸಿಗುತ್ತಿವೆ ಎಂದರು. ಒಬ್ಬಳನ್ನು ತೋರಿಸಿ ಇವಳಿಗೆ ಇದರಿಂದಲೇ ಬಂತು ಎನ್ನಲೂ ಆಗದು, ಇದರಿಂದಲ್ಲ ಎನ್ನಲೂ ಆಗದು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿನ ಈ ಉತ್ತರವನ್ನು ಹೊತ್ತು ಚಂದ್ರಮತಿ ಮನೆಗೆ ಬಂದಳು. ಹೌದು ಎಂದಿದ್ದರೆ ಎದೆ ಬಡಿದುಕೊಂಡು ಅಳಬಹುದಿತ್ತು.

ಅದರ ಮೇಲೆ ಇನ್ನೊಂದು. ನಿಶ್ಮಿತಾಳನ್ನು ನೋಡಲು ಪಕ್ಕದ ಮನೆಯ ವನಜಳ ಮಗಳು ನವ್ಯಾ ಬಂದಳು. ಸೆಕೆಗೆ ಚೊಂಬೆತ್ತಿ ಗಟಗಟ ನೀರು ಕುಡಿದಳು. ಗುಟುಕು ಇಳಿಯುವಾಗ ಅವಳ ಗಂಟಲಿನಲ್ಲಿ ಅಡಿಕೆಯಷ್ಟು ದಪ್ಪದ್ದೊಂದು ಮೇಲೆ ಹೋಗಿ ಕೆಳಗೆ ಬಂತು. ಚಂದ್ರಮತಿ ಆ ಗಂಟಲಿನಿಂದ ಕಣ್ಣು ಕೀಳಲಿಲ್ಲ. ಮಗಳ ಗಂಟನ್ನೂ ಡಾಕ್ಟರು ನೀರು ಕುಡಿಸಿಯೇ ತೋರಿಸಿದ್ದರು. ಈ ನವ್ಯಾಳೂ ಅವಳ ಕೈಯಲ್ಲಿ ಕಿರುಚಿದ ಕೂಸೇ.

ಅಲ್ಲಿಂದ ಅವಳದು ಬೆಂಕಿಯ ಮೇಲಿನ ಬದುಕು. ಹೇಳಿದರೆ ಕೇರಿಯ ತಾಯಂದಿರೆಲ್ಲ ತಮ್ಮ ಮಕ್ಕಳ ಕುತ್ತಿಗೆ ಮುಟ್ಟಿ ನೋಡಿಕೊಂಡು ಅವಳಿಗೆ ಶಾಪ ಹಾಕುತ್ತಾರೆ. ಹೇಳದಿದ್ದರೆ ಆ ಹುಡುಗಿಯ ಗಂಟು ಬೆಳೆಯುತ್ತದೆ. ಕೊನೆಗೆ ತಡೆಯಲಾರದೆ ಒಂದು ಸಂಜೆ ವನಜಳ ಅಂಗಳಕ್ಕೆ ಹೋದಳು. ವನಜ ಮೀನು ಮಾರಿ ಬಂದು ಬುಟ್ಟಿ ತೊಳೆಯುತ್ತಿದ್ದಳು, ನವ್ಯಾ ಅಲ್ಲೇ ಬಟ್ಟೆ ಒಣಹಾಕುತ್ತಿದ್ದಳು.

ನವ್ಯಾಳ ಗಂಟಲಲ್ಲೊಂದು ಗಂಟಿದೆ, ಡಾಕ್ಟರಿಗೆ ತೋರಿಸು. ಹೇಳಬೇಕಾದ್ದು ಇಷ್ಟೇ ಇತ್ತು. ಇಷ್ಟಕ್ಕೇ ಬಾಯಿ ಮುಚ್ಚಿದ್ದರೆ ವನಜ ಮರುದಿನವೇ ಮಗಳನ್ನು ಕರೆದುಕೊಂಡು ಹೊರಡುತ್ತಿದ್ದಳು. ಅವಳಿಗೆ ಚಂದ್ರಕ್ಕನ ಮಾತೆಂದರೆ ವೇದ. ಆದರೆ ಹೊಟ್ಟೆಯಲ್ಲಿಟ್ಟುಕೊಂಡದ್ದು ಅಷ್ಟಕ್ಕೆ ನಿಲ್ಲಬೇಕಲ್ಲ. ಫೋಟೊಗಳು, ಮುಚ್ಚದ ಕುತ್ತಿಗೆ, ಚೀಟಿಯಿಲ್ಲದ ಮಧ್ಯಾಹ್ನಗಳು, ಹೌದೂ ಅಲ್ಲ ಇಲ್ಲವೂ ಅಲ್ಲ ಎಂದ ಡಾಕ್ಟರು, ಎಲ್ಲವನ್ನೂ ಅಳುತ್ತ ಸುರಿದುಬಿಟ್ಟಳು.

ವನಜ ಬುಟ್ಟಿ ಕೆಳಗಿಟ್ಟಳು.

“ನಾಳೆಯೇ ಕರ್ಕಂಡ್ ಹೋಪ, ವನಜ. ಗಂಟಲಿನ ಸ್ಕ್ಯಾನಿಂಗ್ ಬೇರೆ, ಅದ್ರಗೆ ಆ ಕಿರಣ ಇಲ್ಲೆ. ಎಂತದೂ ಆತಿಲ್ಲೆ” ಎಂದಳು ಚಂದ್ರಮತಿ.

“ಅವತ್ತೂ ನೀವ್ ಹೀಂಗೇ ಹೇಳಿದ್ರಿ, ಚಂದ್ರಕ್ಕ. ಎಂತದೂ ಆತಿಲ್ಲೆ ಅಂದೇಳಿ.”

ಬೈದಿದ್ದರೆ, ಬುಟ್ಟಿ ಎತ್ತಿ ಎಸೆದಿದ್ದರೆ ಆಗುತ್ತಿತ್ತು. ವನಜ ಹಾಗೇನೂ ಮಾಡಲಿಲ್ಲ. ಮಗಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಚಂದ್ರಮತಿ ಬಾಗಿಲಿಗೆ ಕೈಯಿಟ್ಟು, ನನ್ನ ಜೊತೆ ಬರುವುದು ಬೇಡ, ಬೇರೆ ಯಾರ ಜೊತೆಗಾದರೂ ಕಳಿಸು, ಯಾವ ಆಸ್ಪತ್ರೆಗಾದರೂ ಕಳಿಸು ಎಂದು ಗೋಗರೆದಳು. ಕಿಟಕಿಯ ಸರಳುಗಳ ಆಚೆ ನವ್ಯಾ ನಿಂತಿರುವುದು ಕಂಡಿತು. ಎರಡು ಬೆರಳುಗಳಿಂದ ತನ್ನ ಗಂಟಲನ್ನು ಒತ್ತಿ ಒತ್ತಿ ಹುಡುಕುತ್ತಿದ್ದಳು. ವನಜ ಬಂದು ಆ ಕೈಯನ್ನು ಕಿತ್ತು ಕೆಳಗಿಳಿಸಿದಳು, ಕಿಟಕಿಯನ್ನೂ ಮುಚ್ಚಿದಳು.