ಬೆಂಚಿನ ಬಸ್ಸು

ಎರಡನೆಯ ಕಾಲು ಒಳಗಿಟ್ಟಿರಲಿಲ್ಲ, ಬಸ್ಸು ಹಾರಿತ್ತು. ಯಪ್ಪಾ! ಕರಾವಳಿಯ ಕಾಪುವಿನಲ್ಲಿ ನನ್ನ ಮೊದಲ ಬೆಳಗು ಅದು. ಕಂಡಕ್ಟರ್ ವಿಸಿಲ್ ಊದಿ ‘ಪೋಯಿ!’ ಎಂದ, ಹೋಗೋಣ ಎಂದರ್ಥ. ನನ್ನತ್ತ ತಿರುಗಿ ‘ದುಂಬು ಪೋಲೆ’ ಎಂದ. ತುಳುವಿನಲ್ಲಿ, ಮುಂದೆ ಹೋಗಿ. ಇದೆಲ್ಲ ಆಮೇಲೆ ತಿಳಿದದ್ದು. ಅಂದು ಕಂಬ ಹಿಡಿದು ಬಾಗಿಲಲ್ಲೇ ನಿಂತೆ, ನನ್ನ ಸ್ಟಾಪು ದಾಟಿ ಶಿರ್ವದಲ್ಲಿಳಿದೆ. ನಮ್ಮ ಗದಗಿನಲ್ಲಾದರೆ ಅಜ್ಜಿ ಹತ್ತಿ, ಅವಳ ಗಂಟು ಹತ್ತಿ, ಸೀಟಿನ ಜಗಳ ಮುಗಿದ ಮೇಲೆ ಬಸ್ಸು ಹೊರಡುತ್ತದೆ.

ನಾನು ಬಂದದ್ದು ಇಲ್ಲಿನ ಪ್ರಾಥಮಿಕ ಶಾಲೆಯೊಂದರಲ್ಲಿ ನಾಟಕ ಕಲಿಸಲು. ಕಲಿಸಿದ್ದೇನು, ಮಣ್ಣು! ನಾನು ಬರೆದುಕೊಟ್ಟ ಮಾತನ್ನು ನಾಲ್ಕನೆಯ ತರಗತಿ ಗಿಳಿಪಾಠ ಒಪ್ಪಿಸಿತು. ಉಚ್ಚಾರ ಒಂದೂ ತಪ್ಪಲಿಲ್ಲ. ಕೈಗಳು ಮಾತ್ರ ತೊಡೆಗೆ ಅಂಟಿಕೊಂಡಿದ್ದವು. ಗದಗಿನ ಮಕ್ಕಳು ಅರ್ಧ ಮರೆತು, ಉಳಿದರ್ಧಕ್ಕೆ ತಮ್ಮದೇ ಸೇರಿಸಿ ಗದ್ದಲವೆಬ್ಬಿಸುತ್ತಿದ್ದರು. ಇಲ್ಲಿ ತುಳು ಮನೆಗೆ ಮತ್ತು ಆಟಕ್ಕೆ, ಕನ್ನಡ ಟೀಚರ ಮುಂದೆ. ಸಾನ್ವಿ ಎಂಬ ಹುಡುಗಿಯಂತೂ ಹಾಜರಿ ಕೂಗಿದರೂ ತಲೆಯಾಡಿಸುತ್ತಿದ್ದಳಷ್ಟೇ.

ಮುಖ್ಯೋಪಾಧ್ಯಾಯಿನಿ ನೇರವಾಗಿಯೇ ಹೇಳಿದರು: “ನಾಟಕದ ಪೀರಿಯಡ್ ಎಂತಕ್ಕೆ ಅಂತ ಪೇರೆಂಟ್ಸ್ ಕೇಳ್ತಾರೆ. ಸ್ಕೂಲ್ ಡೇಯಲ್ಲಿ ಏನಾದ್ರೂ ಕಾಣಬೇಕಲ್ವಾ? ಇಲ್ಲದಿದ್ರೆ ಅದನ್ನು ಗಣಿತಕ್ಕೆ ಕೊಡ್ತೇನೆ.”

ಪೀರಿಯಡ್ ಹೋದರೆ ನನ್ನ ಕೆಲಸವೂ ಹೋದಂತೆ. ಬಾಡಿಗೆ ಮನೆಯಲ್ಲಿ ಒಬ್ಬಳೇ ಕುಚ್ಚಲಕ್ಕಿ ಗಂಜಿ ಉಣ್ಣುತ್ತ, ಜೋಳದ ರೊಟ್ಟಿ ನೆನೆದು, ಹೋದರೆ ಹೋಗಲಿ ಎಂದುಕೊಂಡದ್ದೂ ಉಂಟು. ನೋಡಿ, ಇಲ್ಲಿನವರ ಹಾಗೆ ‘ಉಂಟು’ ಎಂದೆ!

ಒಂದು ದಿನ ಮತ್ತೆ ಸ್ಟಾಪು ತಪ್ಪಿತು. ಬಿಸಿಲಲ್ಲಿ ನಡೆದು ಬಂದು ತರಗತಿಯಲ್ಲಿ ಸಿಟ್ಟಿನಿಂದ ಅಂದುಬಿಟ್ಟೆ: “ಆ ಬಸ್ಸಿನ್ಯಾಗ ಹೆಂಗ ಹೋಗಬೇಕು, ನೀವರ ಹೇಳ್ರಿ!”

ಮಕ್ಕಳು ಮುಖ ಮುಖ ನೋಡಿಕೊಂಡರು. ಮರುಕ್ಷಣ ಬೆಂಚುಗಳೆಲ್ಲ ಸೀಟುಗಳಾದವು. ಒಬ್ಬ ಡ್ರೈವರ್, ಒಬ್ಬಳು ಮೀನಿನ ಬುಟ್ಟಿಯವಳು, ಒಬ್ಬ ನಿದ್ದೆ ಹೋದ ಪ್ರಯಾಣಿಕ. ಕಂಡಕ್ಟರ್ ಯಾರು? ಸಾನ್ವಿ! ಒಂಟಿಗಾಲಲ್ಲಿ ಬಾಗಿಲಿಗೆ ಜೋತುಬಿದ್ದು ಗದರಿದಳು: “ಎದುರು ಹೋಗಿ ಟೀಚರ್! ಬಾಗಿಲಲ್ಲಿ ನಿಲ್ಲಬೇಡಿ ಮಾರಾಯ್ರೆ!”

ಇವಳ ಬಾಯಿ ಈಗ ಹೇಗೆ ತೆರೆಯಿತು ಎಂದು ಬಹಳ ದಿನ ಯೋಚಿಸಿದ್ದೇನೆ. ಅಷ್ಟು ದಿನ ನಾನು ಉತ್ತರ ಗೊತ್ತಿದ್ದೇ ಕೇಳುತ್ತಿದ್ದೆ. ಮಕ್ಕಳಿಗೂ ಅದು ಗೊತ್ತಿತ್ತು. ಅಂದು ನನಗೆ ನಿಜಕ್ಕೂ ತಿಳಿದಿರಲಿಲ್ಲ. ಅವರು ಹೇಳದಿದ್ದರೆ ನಾನು ದಾರಿ ತಪ್ಪುತ್ತಿದ್ದೆ. ಬರೆದ ಮಾತನ್ನು ಕಸದ ಬುಟ್ಟಿಗೆ ಹಾಕಿ, ಅಂದಿನಿಂದ ಬಸ್ಸನ್ನೇ ಆಡಿದೆವು, ಅರ್ಧ ತುಳು, ಅರ್ಧ ಕನ್ನಡ.

ಸ್ಕೂಲ್ ಡೇಗೂ ಅದೇ. ಪೀರಿಯಡ್ ಉಳಿಯಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಮುಖ್ಯೋಪಾಧ್ಯಾಯಿನಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಾನು ಹೇಳಬೇಕಾದದ್ದು ಬೇರೆ.

ವೇದಿಕೆಯಲ್ಲಿ ನಾನೂ ಪ್ರಯಾಣಿಕಳು. ಸಾನ್ವಿ ಬಂದು ಕೇಳಿದಳು: “ಎಲ್ಲಿಗೆ?”

ಅಭ್ಯಾಸದಲ್ಲಿ ದಿನವೂ ‘ಕಾರ್ಕಳ’ ಎನ್ನುತ್ತಿದ್ದವಳು ಅಂದು ಅದೇಕೋ “ಊರಿಗೆ” ಎಂದೆ.

“ಯಾವ ಊರಿಗೆ ಟೀಚರ್?”

ಗದಗ ಎನ್ನಲು ಬಾಯಿ ತೆರೆದೆ. ಎದುರಿಗೆ ಅಪ್ಪ ಅಮ್ಮಂದಿರ ಗುಂಪು, ಪಕ್ಕದಲ್ಲಿ ಮೀನಿನ ಬುಟ್ಟಿಯವಳು ನನ್ನ ಸೆರಗು ಹಿಡಿದು ಕೂತಿದ್ದಳು. ಗದಗ ಹೊರಬರಲಿಲ್ಲ, ಕಾಪುವೂ ಬರಲಿಲ್ಲ. ಇಲ್ಲದ ಕಂಬವನ್ನು ಗಟ್ಟಿಯಾಗಿ ಹಿಡಿದು ನಿಂತೆ. ಇದೂ ನಾಟಕವೆಂದು ಜನ ನಕ್ಕರು.

ಸಾನ್ವಿ ನಗಲಿಲ್ಲ. ನನ್ನನ್ನೇ ನೋಡಿದಳು.

“ಸೀಟು ಉಂಟು, ಕುಳಿತುಕೊಳ್ಳಿ,” ಎಂದಳು. “ನೆನಪಾದಾಗ ಹೇಳಿ, ಇಳಿಸ್ತೇನೆ.”

ವಿಸಿಲ್ ಊದಿದಳು. ನಾನು ಕುಳಿತೆ.