ಗುಡಿಯ ಹೊರಗೆ ಕೂತ ಮೇಷ್ಟ್ರು

ಅವರ ಬಿಳಿ ಮೀಸೆಯ ತುದಿ ಸದಾ ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು. ಅದು ನಮ್ಮ ಮನೆಯ ಫಿಲ್ಟರ್ ಕಾಫಿಯ ಬಣ್ಣ. ಅಮೆರಿಕದ ಹೇವರ್ಡ್‌ನಲ್ಲಿ ನಮ್ಮ ಪಕ್ಕದ ಮನೆಯವರು ಅವರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಅಮೆರಿಕನ್ ಮೇಷ್ಟ್ರು. ಹುಟ್ಟಿದ್ದು ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಮನೆತನದಲ್ಲಿ. ಆ ಧರ್ಮದವರಿಗೆ ಕಾಫಿ, ಟೀ ಎರಡೂ ನಿಷಿದ್ಧ. ಹೆಂಡತಿ ಕಟ್ಟುನಿಟ್ಟಿನವರಾದ್ದರಿಂದ ಅವರ ಅಡುಗೆಮನೆಯಲ್ಲಿ ಕಾಫಿಪುಡಿಗೆ ಜಾಗವಿರಲಿಲ್ಲ. ಹಾಗಾಗಿ ಮೇಷ್ಟ್ರು ಬೆಳಗಾಗುತ್ತಲೇ ಬೇಲಿಯ ಬಾಗಿಲು ತೆಗೆದುಕೊಂಡು ನಮ್ಮಲ್ಲಿಗೆ ಬರುತ್ತಿದ್ದರು.

ಹುಬ್ಬಳ್ಳಿಯಿಂದ ಬಂದಿದ್ದ ನಮ್ಮತ್ತೆಗೆ ಇದನ್ನೆಲ್ಲ ವಿವರಿಸಿದಾಗ, "ಕಾಫಿ ಕುಡದ್ರ ಸ್ವರ್ಗ ತಪ್ಪತದ? ಹಂಗಾದ್ರ ನಮ್ಮ ಮಂದಿ ಒಬ್ಬರೂ ಅಲ್ಲಿಲ್ಲ ಬಿಡವಾ!" ಎಂದು ಮೇಷ್ಟ್ರ ಲೋಟಕ್ಕೆ ಇನ್ನಷ್ಟು ಸುರಿದರು. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಮೇಷ್ಟ್ರು ಕೆಮ್ಮು ಬರುವಷ್ಟು ನಕ್ಕರು.

ಕಾಫಿ ನೆಪ ಮಾತ್ರ. ಅವರಿಗೆ ಸೇರದಿದ್ದದ್ದು ಧರ್ಮದ ಹಿರಿಯರ ಖಚಿತತೆ. ಮೇಷ್ಟ್ರು ಚಿಕ್ಕವರಿದ್ದಾಗ ಕಪ್ಪು ಜನರಿಗೆ ಪುರೋಹಿತ ಪದವಿ ಸಲ್ಲದು ಎಂದು ಹಿರಿಯರು ಬೋಧಿಸುತ್ತಿದ್ದರಂತೆ. ಇವರು ದೊಡ್ಡವರಾಗುವ ಹೊತ್ತಿಗೆ, ಸಲ್ಲುತ್ತದೆ ಎಂದು ಮೇಲಿನಿಂದ ಅಪ್ಪಣೆಯಾಯಿತಂತೆ. "ಎರಡನ್ನೂ ದೇವರ ತಲೆಗೇ ಕಟ್ಟಿದರು. ನನ್ನ ಕ್ಲಾಸಿನಲ್ಲಿ ಉತ್ತರ ಬದಲಿಸಿದರೆ, ಮೊದಲಿನದು ತಪ್ಪು ಅಂತ ಒಪ್ಪಿಕೊಳ್ಳಲೇಬೇಕಿತ್ತು," ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಆಡಿದ ಮಾತುಗಳು ಅದು ಹೇಗೋ ನನ್ನೊಳಗೆ ಕನ್ನಡದಲ್ಲೇ ಉಳಿದಿವೆ.

ತಿಂಗಳ ಮೊದಲ ಭಾನುವಾರ ಅವರ ಪ್ರಾರ್ಥನಾ ಮಂದಿರದಲ್ಲಿ ಮನಸ್ಸು ಬಂದವರು ಎದ್ದು ಸಾಕ್ಷಿ ಹೇಳುವ ಪದ್ಧತಿ. 'ನಂಬುತ್ತೇನೆ' ಎನ್ನುವುದಿಲ್ಲ, 'ಇದು ಸತ್ಯವೆಂದು ನನಗೆ ಗೊತ್ತು' ಎನ್ನುವುದೇ ರೂಢಿ. ಪುಟ್ಟ ಮಕ್ಕಳೂ ಹೇಳುತ್ತಾರಂತೆ. ಅಂಥದ್ದೊಂದು ಭಾನುವಾರ ಮೇಷ್ಟ್ರು ಎದ್ದು ನಿಂತು "ನನಗೆ ಗೊತ್ತಿಲ್ಲ" ಎಂದಷ್ಟೇ ಹೇಳಿ ಕೂತುಬಿಟ್ಟರು. ಯಾರೂ ಬೈಯಲಿಲ್ಲ. ಆ ವಾರವೆಲ್ಲ ಮಂದಿರದವರು ಮನೆಗೆ ಬಿಸಿ ಊಟ ತಂದುಕೊಟ್ಟರು, ಕಾಯಿಲೆ ಬಿದ್ದವರಿಗೆ ಕೊಡುವ ಹಾಗೆ. ಒಳ್ಳೆಯ ಜನ, ಅದೇ ಕಷ್ಟ ಎನ್ನುತ್ತಿದ್ದರು ಮೇಷ್ಟ್ರು. ಕೆಲವು ತಿಂಗಳ ಬಳಿಕ ಅಲ್ಲಿನ ಸದಸ್ಯರ ಪಟ್ಟಿಯಿಂದ ತಮ್ಮ ಹೆಸರನ್ನೂ ತೆಗೆಸಿಕೊಂಡರು.

ಇದರಿಂದ ನಲುಗಿದವರು ಅವರ ಹೆಂಡತಿ. ದೇವಾಲಯದಲ್ಲಿ ಕಟ್ಟಿದ ದಾಂಪತ್ಯ ಸಾವಿನಾಚೆಗೂ ಉಳಿಯುತ್ತದೆ, ಆದರೆ ಇಬ್ಬರೂ ನಂಬಿಕೆಯೊಳಗೇ ಇರಬೇಕು ಎಂದು ಆಕೆ ಬಲವಾಗಿ ನಂಬಿದ್ದರು. ಗಂಡ ಹೊರಗುಳಿದರೆ ಅಲ್ಲಿ ತಾನೊಬ್ಬಳೇ. ಆ ಹೆದರಿಕೆ ಆಕೆಯ ಮುಖದಲ್ಲಿ ನೆಲೆ ನಿಂತಿತ್ತು.

ಮೇಷ್ಟ್ರ ಮಗಳ ಮದುವೆ ಓಕ್‌ಲ್ಯಾಂಡಿನ ಗುಡ್ಡದ ಮೇಲಿನ ಅವರ ದೇವಾಲಯದಲ್ಲಿ ನಡೆಯಿತು. ಒಳಗೆ ಹೋಗಲು ನಂಬಿಕಸ್ಥರಿಗೆ ಮಾತ್ರ ಅಪ್ಪಣೆ. ತಾಯಿ ಒಳಗೆ ಹೋದರು. ತಂದೆ ಹೊಸ ಸೂಟು ಹಾಕಿಕೊಂಡು ಹೊರಗೆ ತೋಟದ ಬೆಂಚಿನ ಮೇಲೆ ನನ್ನ ಪಕ್ಕ ಕೂತರು. "ಅವಳಿಗೆ ಫ್ರೀವೇಯಲ್ಲಿ ಕಾರು ಓಡಿಸಲು ಕಲಿಸಿದವನು ನಾನು. ಜೀವ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದೆ," ಎಂದರು. ನನಗೆ ಆ ಕಟ್ಟಡದ ಮೇಲೆಯೇ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು. ಅವರು ಮಾತ್ರ ಬಾಗಿಲನ್ನೇ ನೋಡುತ್ತಿದ್ದರು.

ಆಮೇಲೆ ಹೆಂಡತಿಗೆ ಕ್ಯಾನ್ಸರ್. ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲವೆಂದು ಮನೆಗೆ ಕಳಿಸಿದರು. ಮರುದಿನ ಮೇಷ್ಟ್ರು ನಮ್ಮ ಅಡುಗೆಮನೆಯಲ್ಲಿ ಕೂತಿದ್ದಾಗ ಮುಟ್ಟದೇ ಇಟ್ಟ ಕಾಫಿ ಆರಿಹೋಯಿತು.

"ಒಂದೇ ಒಂದು ಸಲ 'ಗೊತ್ತು' ಅಂತ ಹೇಳು ಅಂತಾಳೆ," ಎಂದರು.

"ಹೇಳಿಬಿಡಿ. ನಿಮ್ಮ ಗಂಟೇನು ಹೋಗುತ್ತೆ?"

"ಅವಳ ಹತ್ತಿರ ಇದುವರೆಗೆ ಸುಳ್ಳಾಡಿಲ್ಲ. ಇಲ್ಲಿ ಕಾಫಿ ಕುಡಿಯೋದನ್ನೂ ಮುಚ್ಚಿಟ್ಟಿಲ್ಲ."

ಕೊನೆಗೆ ಹೇಳಿದರಂತೆ. ಹಾಸಿಗೆಯ ಪಕ್ಕ ಮಂಡಿಯೂರಿ, ಆಕೆಯ ಕೈ ಹಿಡಿದುಕೊಂಡು, ಗೊತ್ತು ಎಂದರಂತೆ. ಆಕೆ ಆ ಕಂದು ಮೀಸೆಯನ್ನು ಬೆರಳಿಂದ ಸವರಿ, "ನಿನಗೆ ಸುಳ್ಳು ಹೇಳಲು ಬರುವುದಿಲ್ಲ," ಎಂದು ಗೋಡೆಯ ಕಡೆ ತಿರುಗಿಕೊಂಡರು. ಅದೇ ವಾರ ತೀರಿಕೊಂಡರು. ಮೇಷ್ಟ್ರು ನನಗಿದನ್ನು ಬೇಲಿಯ ಆಚೆಯಿಂದಲೇ ಹೇಳಿದ್ದು, ಒಳಗೆ ಬರಲಿಲ್ಲ.

ಆಮೇಲೆ ಅವರು ಕಾಫಿ ಬಿಟ್ಟರು. ನಂಬಿಕೆ ಮರಳಿತೋ ಎಂದು ಕೇಳಿದ್ದಕ್ಕೆ, "ಇಲ್ಲ, ರುಚಿ ಹೋಯಿತು," ಎಂದರು. ಮುಂದಿನ ಚಳಿಗಾಲದಲ್ಲಿ ಹೃದಯಾಘಾತವಾಗಿ ಹೋದರು. ಪೆಟ್ಟಿಗೆಯಲ್ಲಿ ಮಲಗಿಸಿದ್ದಾಗ ನೋಡಿದೆ, ಮೀಸೆ ಅಚ್ಚ ಬಿಳುಪಾಗಿತ್ತು. ಅಷ್ಟು ಜನರ ನಡುವೆ ನನಗೆ ಅಳು ತಡೆಯಲಾಗಲಿಲ್ಲ.

ಮಗಳು ಬಂದು ನನ್ನ ಕೈ ಹಿಡಿದುಕೊಂಡಳು. ತೀರಿಕೊಂಡವರ ಪರವಾಗಿ ಬದುಕಿರುವವರು ನಿಂತು, ಅವರನ್ನು ಧರ್ಮಕ್ಕೆ ಸೇರಿಸಿಕೊಳ್ಳುವ ಸಂಸ್ಕಾರ ಮಾಡಿಸುವ ಕ್ರಮ ಅವರಲ್ಲಿದೆ. ಒಪ್ಪುವುದು ಬಿಡುವುದು ಆ ಆತ್ಮಕ್ಕೆ ಸೇರಿದ್ದು. ಹಿರಿಯರ ಅನುಮತಿ ಸಿಕ್ಕರೆ ಅಪ್ಪನಿಗೂ ಮಾಡಿಸುತ್ತೇನೆ, ಅಮ್ಮ ಅಲ್ಲಿ ಕಾಯುತ್ತಿದ್ದಾಳೆ ಎಂದಳು.

"ನಿಮ್ಮ ಹತ್ತಿರ ಎಲ್ಲ ಹೇಳುತ್ತಿದ್ದರು. ಅಪ್ಪ ಅಲ್ಲಾದರೂ ಒಪ್ಪಿಕೊಳ್ಳುತ್ತಾರೆ ಅಲ್ವಾ?"

ಹೌದು ಎನ್ನಬಹುದಿತ್ತು. ನಾನೇನು ಅವಳ ಧರ್ಮದವಳಲ್ಲ, ಯಾರ ಸ್ವರ್ಗವೂ ನನ್ನ ಮಾತಿನ ಮೇಲೆ ನಿಂತಿಲ್ಲ. ಆದರೆ ಅಷ್ಟು ವರ್ಷ ಆ ಮನುಷ್ಯನ ಎದುರು ಕೂತು ಕಾಫಿ ಕುಡಿದದ್ದಕ್ಕೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಅವರಿಂದ ನನಗೆ ಬಂದ ಆಸ್ತಿ ಅದೊಂದೇ, ಅದರಿಂದ ಯಾರಿಗೂ ನೆಮ್ಮದಿಯಿಲ್ಲ.

"ನನಗೆ ಗೊತ್ತಿಲ್ಲ," ಎಂದೆ.

ಅವಳು ನನ್ನ ಕೈ ಬಿಟ್ಟಳು.